ಒಳಗೆ ಬಿಟ್ಟ ಬಟ್ಟೆ

ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲದಲ್ಲಿ, ಅರಸನೊಬ್ಬನ ಊರಿನಲ್ಲಿ ಒಬ್ಬ ಹೊಲಿಗೆಯವಳಿದ್ದಳಂತೆ. ಅರಸನಿಗೆ ಬಹಳ ಕಾಲ ಕಾದ ಮೇಲೆ ಮಗು ಹುಟ್ಟಿತಂತೆ. ಹುಟ್ಟಿದ ದಿನ ತೊಡಿಸಿದ ಅಂಗಿಯೇ ಪಟ್ಟವೇರುವ ದಿನಕ್ಕೂ ಸರಿಯಾಗಬೇಕು, ಅಂಥದ್ದೊಂದು ಹೊಲಿದುಕೊಡು, ಇಲ್ಲವಾದರೆ ನಿನ್ನ ಕೈ ಉಳಿಯುವುದಿಲ್ಲ ಎಂದನಂತೆ ಅರಸ. ಹೊಲಿಗೆಯವಳು ಅತ್ತು ಅತ್ತು, ಆ ಕಣ್ಣೀರಲ್ಲೇ ದಾರದ ತುದಿ ನೆನೆಸಿ ಪೋಣಿಸಿ, ಅಂಗಿ ಹೊಲಿದಳಂತೆ. ಕೊನೆಯ ಹೊಲಿಗೆಗೆ ಬಂದಾಗ ಮಾತ್ರ ದಾರ ಕಡಿಯದೆ ಹಾಗೇ ಬಿಟ್ಟಳಂತೆ. ದಾರ ಕಡಿದರೆ ತಾನೆ ಅಂಗಿ ಮುಗಿಯುವುದು? ಮುಗಿಯದ ಅಂಗಿ ಮಗುವಿನ ಜೊತೆ ತಾನೂ ಬೆಳೆಯುತ್ತ ಹೋಯಿತಂತೆ. ಆದರೆ ದಾರದ ಇನ್ನೊಂದು ತುದಿಗೆ ಸೂಜಿ, ಸೂಜಿ ಹಿಡಿದ ಕೈ ಅವಳದು. ಮಗು ಮಲಗಿದರೆ ಅವಳು ತೊಟ್ಟಿಲ ಪಕ್ಕ ಕೂರಬೇಕು, ಮಗು ಓಡಿದರೆ ಅವಳೂ ಹಿಂದೆ ಓಡಬೇಕು. ಅವಳ ಮನೆಯಲ್ಲಿ ದೀಪ ಹಚ್ಚುವವರಿಲ್ಲದೆ ಕತ್ತಲೆ ತುಂಬಿಕೊಂಡಿತಂತೆ.

ಆಮೇಲೆ, ಎಂದು ಅಜ್ಜಿಯನ್ನು ಕೇಳುವ ಹೊತ್ತಿಗೆ ಚಿಕ್ಕಂದಿನಲ್ಲಿ ಅವಳಿಗೆ ಪ್ರತಿಸಲವೂ ನಿದ್ದೆ ಬಂದುಬಿಡುತ್ತಿತ್ತು. ಬೆಳಿಗ್ಗೆ ಕೇಳಿದರೆ ಅಜ್ಜಿ, ಹೇಳಿದ್ನಲ್ಲೇ, ನೀನೇ ಗೊರಕೆ ಹೊಡೀತಿದ್ದೆ, ಎನ್ನುತ್ತಿದ್ದಳು. ಅಜ್ಜಿ ಹೋದಳು, ಕಥೆಯ ಕೊನೆಯೂ ಅವಳ ಜೊತೆಗೇ ಹೋಯಿತು. ಇವತ್ತು ಅಂಗಡಿಯ ಶಟರು ಎತ್ತುವಾಗ ಆ ಕಥೆ ನೆನಪಾಗಲು ಕಾರಣವೇನೂ ಇರಲಿಲ್ಲ. ಇದ್ದರೆ ಅದು ಅವಳ ಚೀಲದಲ್ಲಿ ಊಟದ ಡಬ್ಬಿಯ ಕೆಳಗೆ, ತೆಳ್ಳಗಿನ ಕಾಗದದಲ್ಲಿ ಸುತ್ತಿಟ್ಟಿದ್ದ ಬಿಳಿಯ ಬಟ್ಟೆಯಾಗಿತ್ತು. ಸಂಜೆ ಕೊರಿಯರಿನವನು ಬರುವುದರೊಳಗೆ ಅದನ್ನು ಮುಗಿಸಿಡುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು. ನಾಡಿದ್ದು ಆಪರೇಷನ್. ಪೊಟ್ಟಣ ನಾಳೆ ತಲುಪಬೇಕು. ಅದಕ್ಕಿಂತ ಮೊದಲೇ ಕಳಿಸಬಹುದಿತ್ತು, ಬಟ್ಟೆ ಬಂದು ಎಷ್ಟೋ ವಾರಗಳಾಗಿದ್ದವು. ಪ್ರತಿದಿನ ಚೀಲದಲ್ಲಿ ಅಂಗಡಿಗೆ ಬರುತ್ತಿತ್ತು, ಚೀಲದಲ್ಲೇ ಮನೆಗೆ ಹೋಗುತ್ತಿತ್ತು, ಶಾಲೆಗೆ ಹೋಗಲೊಲ್ಲದ ಮಗುವಿನ ಹಾಗೆ.

ಅಂಗಡಿ ಔಷಧಿ ಅಂಗಡಿಗೂ ಮೊಬೈಲ್ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡಿದ್ದ ಉದ್ದನೆಯ ಓಣಿಯಂಥ ಕೋಣೆ. ಹೊಸ ಬಟ್ಟೆ ಹೊಲಿಯುವುದಿಲ್ಲ. ಕೊಂಡು ತಂದ ಬಟ್ಟೆಗಳನ್ನು ಕಿರಿದು ಮಾಡುವುದು, ಹಿಗ್ಗಿಸುವುದು, ಜಿಪ್ಪು ಬದಲಿಸುವುದು, ಅಷ್ಟೆ. ಎರಡು ಮಿಷನ್ನು. ಬಾಗಿಲ ಹತ್ತಿರದ್ದು ಅಂಗಡಿಯಮ್ಮನದು, ಅವರಿಗೆ ಬೀದಿ ಕಾಣಬೇಕು. ಒಳಗಿನದು ಅವಳದು, ಗೋಡೆಗೆ ಮುಖ ಮಾಡಿದ್ದು. ಆ ಗೋಡೆಯ ಮೇಲೆ ಸುಣ್ಣ ಉಬ್ಬಿ ಒಂದು ಗುಳ್ಳೆಯಾಗಿತ್ತು. ಇಷ್ಟು ವರ್ಷ ಅದನ್ನು ನೋಡುತ್ತ ನೋಡುತ್ತ ಅದು ಒಡೆದರೆ ತನಗೇ ನೋವಾದೀತು ಎನ್ನಿಸುವಷ್ಟು ಸಲಿಗೆಯಾಗಿತ್ತು. ಅವಳು ಕೂತಳು, ಚೀಲವನ್ನು ಕಾಲ ಬಳಿ ಇಟ್ಟಳು, ಫೋನನ್ನು ದಾರದುಂಡೆಗಳ ಡ್ರಾಯರಿಗೆ ಹಾಕಿದಳು. ಹಾಕಿದ ಕೂಡಲೇ ಅದು ಒಳಗಿನಿಂದ ಗುಂಯ್‌ಗುಟ್ಟಿತು. ಸಿಕ್ಕಿಬಿದ್ದ ದುಂಬಿ. ನೋಡದೆಯೂ ಏನೆಂದು ಗೊತ್ತು: ಇವತ್ತು ಸರಪಳಿ ಪ್ರಾರ್ಥನೆ, ಶುರು ಮಾಡಬೇಕಾದವಳು ನೀನು, ಮರೀಬೇಡ.

ಫೋನಿನಲ್ಲಿದ್ದ ಆ ಗುಂಪಿನ ಹೆಸರು ಖಾಲಿ ತೊಟ್ಟಿಲು. ಮಗು ಕಳೆದುಕೊಂಡ ತಾಯಂದಿರು, ಬೇರೆ ಬೇರೆ ಊರಿನವರು, ಬೇರೆ ಬೇರೆ ಕ್ರೈಸ್ತ ಸಭೆಯವರು, ಎಲ್ಲರೂ ಹೊಸದಾಗಿ ಹುಟ್ಟಿದವರು, ಎಂದರೆ ಕರ್ತನಲ್ಲಿ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನಡೆಸುವವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಬಲು ದೂರದ ಊರಿನ ನಿವೃತ್ತ ಟೀಚರ್, ಮೂರು ಮಕ್ಕಳನ್ನು ಮಣ್ಣಿಗೆ ಕೊಟ್ಟವರು, ಬೆಳಿಗ್ಗೆ ಬೆಳಿಗ್ಗೆ ಅವರ ದನಿ ಬಿಸಿ ನೀರಿನ ಹಾಗೆ ಫೋನಿನಿಂದ ಇಳಿಯುತ್ತಿತ್ತು. ಅಲ್ಲಿ ಸತ್ತಿತು ಎಂದು ಬರೆಯಬಾರದು, ಮನೆಗೆ ಹೋಯಿತು ಎನ್ನಬೇಕು. ಯಾಕೆ ಎಂದು ಕೇಳಬಾರದು. ಒಬ್ಬಳು ಕೇಳಿದ್ದಳು, ಆ ಸಾಲು ಅರ್ಧ ಗಂಟೆಯಲ್ಲಿ ಮಾಯವಾಗಿ, ಅದರ ಜಾಗದಲ್ಲಿ ಈ ಸಂದೇಶವನ್ನು ಅಳಿಸಲಾಗಿದೆ ಎಂಬ ಬೂದು ಅಕ್ಷರ ಉಳಿದಿತ್ತು, ಸಣ್ಣ ಗೋರಿಕಲ್ಲಿನಂತೆ. ಆದರೆ ಅವಳು ಅಲ್ಲಿಗೆ ಸೇರಿದ ಮೊದಲ ದಿನ, ಮಗಳನ್ನು ಮಣ್ಣು ಮಾಡಿ ಬಂದು ಹಾಲು ನಿಲ್ಲಲೆಂದು ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಕೂತಿದ್ದಾಗ, ಯಾರೋ ಅಪರಿಚಿತಳು ಬರೆದಿದ್ದಳು: ತಲೆಯಲ್ಲಿ ಕೂದಲಿತ್ತಾ ಅಕ್ಕ? ಇನ್ನೊಬ್ಬಳು: ಗಲ್ಲ ಯಾರ ಹಾಗಿತ್ತು? ಮನೆಯಲ್ಲಿ, ಸಭೆಯಲ್ಲಿ, ಅಂಗಡಿಯಲ್ಲಿ, ಇಡೀ ಭೂಮಿಯ ಮೇಲೆ ಅದನ್ನು ಕೇಳಿದವರು ಅವರಿಬ್ಬರೇ. ಕೂದಲಿತ್ತು, ಒದ್ದೆಯಾಗಿತ್ತು, ಕಿವಿಯ ಮೇಲೂ ಸ್ವಲ್ಪ ಇತ್ತು ಎಂದು ಬರೆದು ಅವಳು ಆವತ್ತು ಮೊದಲ ಸಲ ಅತ್ತಿದ್ದಳು. ಅದಕ್ಕೇ ಬಿಡಲಾಗುವುದಿಲ್ಲ. ಕೈ ಹಿಡಿದವರೇ ಬಾಯಿಗೂ ಕೈ ಅಡ್ಡ ಹಿಡಿದರೆ ಯಾವ ಕೈಯನ್ನು ತಳ್ಳುವುದು?

ಅಂಗಡಿಯಮ್ಮ ಬಂದರು. ಬರುತ್ತಲೇ ಔಷಧಿ ಅಂಗಡಿಯವನಿಗೆ ಏನೋ ಚುಚ್ಚಿ, ಅವನು ತಿರುಗಿ ಏನೋ ಅಂದದ್ದಕ್ಕೆ ನಗುತ್ತ ಒಳಗೆ ಕಾಲಿಟ್ಟರು. ಅವರು ಯಾವ ಸಭೆಗೂ ಹೋಗುವವರಲ್ಲ. ನನ್ನ ದೇವರಿಗೂ ನನಗೂ ಮಾತು ಬಿಟ್ಟು ಬಹಳ ದಿನ ಆಯ್ತಮ್ಮ, ಇಬ್ಬರಿಗೂ ನೆಮ್ಮದಿ, ಎನ್ನುವವರು. ಹಿಂದೆಯೇ ಬ್ಯಾಂಕಿನವರು ಬಂದರು, ಪ್ಯಾಂಟು ಹಿಡಿದುಕೊಂಡು. ತೊಳೆದು ತೊಳೆದು ಬಟ್ಟೆ ಕುಗ್ಗಿಬಿಟ್ಟಿದೆ, ಸೊಂಟ ಸ್ವಲ್ಪ ಬಿಡಿಸಿಕೊಡಿ ಎಂದರು. ಅವರು ಹೋದ ಮೇಲೆ ಅಂಗಡಿಯಮ್ಮ, "ಎಲ್ಲರ ಪ್ಯಾಂಟೂ ಕುಗ್ಗುತ್ತೆ ಕಣೇ, ಯಾರ ಹೊಟ್ಟೆಯೂ ಬೆಳೆಯಲ್ಲ ಈ ಬೀದೀಲಿ" ಎಂದು ಪ್ಯಾಂಟನ್ನು ಅವಳ ಮಡಿಲಿಗೆ ಎಸೆದರು. ಅವಳು ಸೊಂಟಪಟ್ಟಿಯ ಒಳಗೆ ಬೆರಳು ತೂರಿಸಿ ನೋಡಿದಳು. ಹೊಲಿದವರು ಯಾರೋ ಪುಣ್ಯಾತ್ಮರು, ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದರು. ಬಿಚ್ಚಿದರೆ ಮನುಷ್ಯ ಇನ್ನೂ ಸ್ವಲ್ಪ ಕಾಲ ದಪ್ಪಗಾಗಬಹುದು. ಅವಳಿಗೆ ಕೆಲಸ ಕಲಿಸುವಾಗ ಅಂಗಡಿಯಮ್ಮ ಹೇಳಿದ ಮೊದಲ ಮಾತೇ ಅದು: ದೊಡ್ಡವರ ಬಟ್ಟೆಗೆ ಎರಡು ಬೆರಳು ಬಿಡು, ಮಕ್ಕಳ ಬಟ್ಟೆಗೆ ಮೂರು ಬಿಡು, ಮಕ್ಕಳು ಹೇಳದೆ ಕೇಳದೆ ಬೆಳೀತಾರೆ.

ಮೂರು ಬೆರಳು. ಚೀಲದಲ್ಲಿದ್ದ ಬಿಳಿ ಬಟ್ಟೆಯೊಳಗೂ ಅವಳ ಕೈ ಅವಳನ್ನು ಕೇಳದೆಯೇ ಮೂರು ಬೆರಳು ಬಿಟ್ಟಿತ್ತು. ಕತ್ತರಿಸುವಾಗ ಗೊತ್ತಾಗಿರಲಿಲ್ಲ. ಹೊಲಿದು, ಮಗುಚಿ, ಕೈಯಲ್ಲಿ ಎತ್ತಿ ಹಿಡಿದಾಗ ಅದು ಮೆತ್ತಗೆ ಇಳಿಬೀಳದೆ ಸೆಟೆದು ನಿಂತಿತ್ತು, ಒಳಗೆ ಮಡಿಕೆಯಾಗಿ ಕೂತ ಬಟ್ಟೆಯ ಗಡಸಿಗೆ. ಅಷ್ಟು ಸಣ್ಣ ಅಂಗಿಗೆ ಅಷ್ಟು ಬಟ್ಟೆ ಯಾತಕ್ಕೆ? ಬಿಚ್ಚಿ ಕತ್ತರಿಸಬೇಕಿತ್ತು. ಕತ್ತರಿಸಲು ಕೂತಾಗೆಲ್ಲ ಬೇರೆ ಕೆಲಸ ನೆನಪಾಗುತ್ತಿತ್ತು.

ಅದು ಹಳದಿ ಕೊಡೆಯ ಮದುವೆಯ ಗೌನು. ಆ ಹೆಂಗಸಿನ ಹೆಸರು ಗುಂಪಿನಲ್ಲಿ ಬೇರೇನೋ ಇತ್ತು, ಆದರೆ ಮುಖದ ಜಾಗದಲ್ಲಿ ಮಡಿಸಿ ಗೋಡೆಗೆ ಒರಗಿಸಿಟ್ಟ ಒಂದು ಹಳದಿ ಕೊಡೆಯ ಚಿತ್ರವಿದ್ದುದರಿಂದ ಅವಳ ಮನಸ್ಸಿನಲ್ಲಿ ಆಕೆ ಹಳದಿ ಕೊಡೆಯೇ. ಗುಂಪಿನಲ್ಲಿ ಒಂದು ಪದ್ಧತಿ ಬೆಳೆದಿತ್ತು: ಮದುವೆಯ ಬಿಳಿ ಗೌನನ್ನು ಕೊಟ್ಟರೆ ಅದರಿಂದ, ಮನೆಗೆ ಬಾರದ ಮಕ್ಕಳಿಗೆ ಅಂಗಿ ಹೊಲಿದು ಆಸ್ಪತ್ರೆಗಳಿಗೆ ಕಳಿಸುವುದು. ಹೊಲಿಗೆ ಬರುವ ನಾಲ್ಕೈದು ಜನ ಹೊಲಿಯುತ್ತಿದ್ದರು, ಅವಳೂ ಒಬ್ಬಳು. ಅಂಥ ಅಂಗಿಗೆ ಗುಂಡಿ ಇರಬಾರದು, ಗುಂಡಿ ಆ ಚರ್ಮದ ಮೇಲೆ ಗುರುತು ಬಿಡುತ್ತದೆ. ತೋಳಿಗೆ ಕೈ ತೂರಿಸುವ ಹಾಗಿರಬಾರದು, ಆ ಕೈಗಳು ಮಡಿಯುವುದಿಲ್ಲ. ಹಿಂದೆ ಪೂರ್ತಿ ತೆರೆದಿರಬೇಕು. ಬಟ್ಟೆಯನ್ನು ಹಾಸಿ, ಅದರ ಮೇಲೆ ಮಗುವನ್ನಿಟ್ಟು, ಎರಡು ಕಡೆಯಿಂದ ತಂದು ದಾರ ಕಟ್ಟಬೇಕು. ಯಾವುದೋ ಮಕ್ಕಳಿಗೆ, ಅಂದಾಜಿನ ಅಳತೆಗೆ ಎಷ್ಟೋ ಹೊಲಿದಿದ್ದಳು. ಆದರೆ ಹಳದಿ ಕೊಡೆಯ ಮಗು ಇನ್ನೂ ಹೊಟ್ಟೆಯಲ್ಲಿತ್ತು, ಒದೆಯುತ್ತಿತ್ತು. ಎರಡು ಕಿಡ್ನಿಯೂ ಬೆಳೆದಿಲ್ಲ, ಆಪರೇಷನ್ ಮಾಡಿ ಹೊರಗೆ ತೆಗೆದರೂ ಉಸಿರು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಗುಂಪಿಗೆ ಈ ಸುದ್ದಿ ಬಂದ ದಿನವೇ ದೊಡ್ಡಕ್ಕ ಒಬ್ಬರಾದ ಮೇಲೆ ಒಬ್ಬರು ಉಪವಾಸವಿದ್ದು ಪ್ರಾರ್ಥಿಸುವ ಸರಪಳಿ ಶುರು ಮಾಡಿಸಿದ್ದರು. ಕಳೆದುಕೊಂಡ ಮಕ್ಕಳ ತಾಯಂದಿರಿಗೆಲ್ಲ ಇದೊಂದು ಮಗುವನ್ನಾದರೂ ಉಳಿಸಿಕೊಳ್ಳಲೇಬೇಕು ಎಂಬ ಹಟ ಬಂದಿತ್ತು. ಡಾಕ್ಟರ ಮಾತು ಎತ್ತಬಾರದು, ಆಗದು ಎಂಬ ಮಾತು ಬಾಯಲ್ಲಿ ಬರಬಾರದು, ಬಂದರೆ ಸರಪಳಿ ಕಡಿಯುತ್ತದೆ.

ಆಗಲೇ ಹಳದಿ ಕೊಡೆ ಅವಳಿಗೆ ಮಾತ್ರ ಬರೆದದ್ದು. ಅಕ್ಕ, ನನ್ನ ಗೌನು ಕಳಿಸ್ತೀನಿ. ನನ್ನ ಮಗುವಿಗೇ ಒಂದು ಹೊಲಿದುಕೊಡಿ. ಗುಂಪಿನಲ್ಲಿ ಹೇಳಬೇಡಿ. ಜೊತೆಗೆ ಸ್ಕ್ಯಾನಿನ ಕಾಗದದ ಫೋಟೋ. ತೊಡೆಯ ಮೂಳೆ ಇಷ್ಟು, ತಲೆಯ ಸುತ್ತಳತೆ ಇಷ್ಟು, ಹೊಟ್ಟೆ ಇಷ್ಟು, ಎಲ್ಲ ಮಿಲಿಮೀಟರಿನಲ್ಲಿ. ಅಳತೆಯೆಂದರೆ ಮನುಷ್ಯರ ಬೆನ್ನ ಹಿಂದೆ ನಿಂತು, ಅವರ ಉಸಿರು ಏರಿಳಿಯುವುದನ್ನು ಟೇಪಿನಲ್ಲಿ ಹಿಡಿದು, ಕೈ ಎತ್ತಿ ಎನ್ನುತ್ತ ತೆಗೆದುಕೊಳ್ಳುವುದೆಂದು ತಿಳಿದಿದ್ದವಳು ಆ ಕಪ್ಪು ಬಿಳುಪು ಚಿತ್ರದ ಅಂಚಿನ ಅಂಕಿಗಳನ್ನು ನೋಡುತ್ತ ಬಹಳ ಹೊತ್ತು ಕೂತಿದ್ದಳು. ತೊಡೆಯ ಅಳತೆ ಬಂದು ನಿಂತದ್ದು ಟೇಪಿನ ತುದಿಗೆ ಬಡಿದಿದ್ದ ತಗಡಿನ ಪಟ್ಟಿಯ ಆಸುಪಾಸಿನಲ್ಲಿ, ಯಾರೂ ಅಳತೆಗೆ ಬಳಸದ ಜಾಗದಲ್ಲಿ. ಆಯ್ತು ತಂಗಿ, ಮಾಡಿಕೊಡ್ತೀನಿ ಎಂದು ಬರೆದುಬಿಟ್ಟಳು. ಬೇರೆ ಯಾರಾದರೂ ಆಗಿದ್ದರೆ ಇಲ್ಲವೆನ್ನಬಹುದಿತ್ತು. ಅವಳು ಅನ್ನುವ ಹಾಗಿರಲಿಲ್ಲ.

ಯಾಕೆಂದರೆ ಅವಳ ಮಗಳಿಗೂ ಡಾಕ್ಟರು ಆಗುವುದಿಲ್ಲವೆಂದೇ ಹೇಳಿದ್ದರು. ಆಗ ಅವಳ ಸಭೆಯ ಪಾಸ್ಟರಮ್ಮ, ಒಳ್ಳೆಯವರು, ಅವಳ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದು, ನೀನು ಹೊಲಿಗೆ ಬಲ್ಲವಳು, ವಿಶ್ವಾಸವನ್ನು ಹೊಲಿಗೆಯಲ್ಲಿ ತೋರಿಸು, ಮಗುವಿನ ಮೊದಲ ಹುಟ್ಟುಹಬ್ಬದ ಫ್ರಾಕು ಈಗಲೇ ಹೊಲಿದಿಡು, ಎಂದಿದ್ದರು. ಅವಳು ಬಟ್ಟೆ ಅಂಗಡಿಗೆ ಹೋದಳು. ಹೆಣ್ಣೇ ಎಂದು ಒಳಗೇ ಅನ್ನಿಸಿ ತಿಳಿ ಗುಲಾಬಿ ಬಣ್ಣ ಆರಿಸಿದಳು. ಅಂಗಡಿಯವನು ಮೀಟರು ಕೋಲು ಹಿಡಿದು, ಮಗುವಿಗೆ ಎಷ್ಟು ವಯಸ್ಸು ಮೇಡಂ ಎಂದ. ಅವಳು ತಡವರಿಸಿದಳು. ಒಂದು ವರ್ಷ ಎನ್ನಬೇಕಾದ ನಾಲಿಗೆ ಬಾಯೊಳಗೆ ಒಣಗಿ, ಅಂಗಡಿಯವನು ಕೋಲನ್ನು ಗಾಳಿಯಲ್ಲಿ ಹಿಡಿದುಕೊಂಡೇ ಕಾಯಬೇಕಾಯಿತು. ಆಮೇಲೆ ಹೇಳಿದಳು. ಫ್ರಾಕು ಹೊಲಿದಳು, ಒಳಗೆ ಮೂರು ಬೆರಳು ಬಟ್ಟೆಯನ್ನೂ ಬಿಟ್ಟಳು, ಎರಡನೆಯ ಹುಟ್ಟುಹಬ್ಬಕ್ಕೂ ಆಗಲಿ ಎಂದು. ಆಸ್ಪತ್ರೆಗೆ ಹೋಗುವಾಗ ಬೇರೆ ಯಾವ ಬಟ್ಟೆಯನ್ನೂ ಇಟ್ಟುಕೊಳ್ಳಲಿಲ್ಲ. ಸಣ್ಣ ಬಟ್ಟೆ ಇಟ್ಟುಕೊಳ್ಳುವುದೇ ಅವಿಶ್ವಾಸವಲ್ಲವೆ? ಮಗಳು ಒಂದು ಮಧ್ಯಾಹ್ನ ಬದುಕಿದ್ದಳು. ಸಂಜೆ ನರ್ಸು, ಬಟ್ಟೆ ಕೊಡಿ ಎಂದು ಕೈ ಚಾಚಿದಾಗ ಅವಳ ಗಂಡ ಚೀಲದಿಂದ ತೆಗೆದುಕೊಟ್ಟದ್ದು ಆ ಫ್ರಾಕನ್ನು.

ಮಗಳು ಅದರಲ್ಲಿ ಮುಳುಗಿಹೋದಳು. ಕುತ್ತಿಗೆ ಭುಜದಿಂದ ಜಾರಿತು. ತೋಳನ್ನು ಮಡಿಸಿ ಮಡಿಸಿ ಮೇಲೆ ತಂದರೂ ಬೆರಳು ಸಿಗಲಿಲ್ಲ. ನರ್ಸು ಎಲ್ಲಿಂದಲೋ ಪಿನ್ನುಗಳನ್ನು ತಂದಳು. ಗಂಡ, ಲಿಫ್ಟು ರಿಪೇರಿಯಲ್ಲಿ ದಪ್ಪ ತಂತಿ ಎಳೆದು ಒರಟಾದ ತನ್ನ ಬೆರಳುಗಳಿಂದ ಹಿಂದುಗಡೆ ಒಂದೊಂದಾಗಿ ಚುಚ್ಚಿ ಬಿಗಿ ಮಾಡಿದ, ಮಗಳಿಗೆ ತಾಗೀತೆಂದು ಪ್ರತಿ ಪಿನ್ನಿಗೂ ತನ್ನ ಬೆರಳು ಅಡ್ಡ ಇಟ್ಟುಕೊಂಡು. ಅವಳು ಹಾಸಿಗೆಯ ಮೇಲೆ ಕೂತು ನೋಡಿದಳು. ಇಡೀ ಬೀದಿಯ ಜನರ ಬಟ್ಟೆಯನ್ನು ಮೈಗೆ ಸರಿಹೊಂದಿಸಿ ಕೊಡುವವಳು, ಅಳತೆ ಒಂದು ಬೆರಳು ತಪ್ಪಿದರೂ ಬಿಚ್ಚಿ ಹೊಲಿಯುವವಳು. ಪೆಟ್ಟಿಗೆಯ ಹತ್ತಿರ ನಿಂತು ಪಾಸ್ಟರಮ್ಮ ಅವಳ ಬೆನ್ನು ಸವರುತ್ತ, ಅವಳು ಅಲ್ಲಿ ಬೆಳೀತಾಳಮ್ಮ, ಆಗ ಸರಿಹೋಗುತ್ತೆ ಎಂದರು. ಎರಡು ವಾರ ಬಿಟ್ಟು ಮನೆಗೆ ಬಂದವರು, ಅಷ್ಟೇ ಮೆಲ್ಲನೆ, ಎಲ್ಲಾದ್ರೂ ಮನಸ್ಸಿನಲ್ಲಿ ಸ್ವಲ್ಪ ಸಂಶಯ ಬಂದಿತ್ತೇನಮ್ಮ ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಅವಳಿಗೆ ಗಾಳಿಯಲ್ಲಿ ನಿಂತಿದ್ದ ಮೀಟರು ಕೋಲು ಕಂಡಿತು.

ಗಂಡನಿಗೆ ಅದನ್ನು ಹೇಳಿಲ್ಲ. ಅವನೂ ಏನೂ ಹೇಳುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಬಗ್ಗೆ ಮಾತ್ರ ಊಟಕ್ಕೆ ಕೂತಾಗ ಹೇಳುತ್ತಾನೆ: ಜನ ಬಾಗಿಲು ಬಡಿಯುತ್ತಾರೆ, ಬೆರಳು ತೂರಿಸಿ ತೆಗೆಯಲು ನೋಡುತ್ತಾರೆ, ಸುಮ್ಮನೆ ನಿಂತಿರಿ, ಬರ್ತಾ ಇದೀನಿ ಅಂದರೆ ಕೇಳುವುದಿಲ್ಲ. ಅವನ ನೀಲಿ ಅಂಗಿಯ ಕಾಲರಿನ ಒಳಮಗ್ಗುಲಲ್ಲಿ ಒಂದು ಪಿನ್ನಿದೆ. ಒಗೆಯುವ ಮೊದಲು ಅವಳು ಅದನ್ನು ತೆಗೆದಿಡುತ್ತಾಳೆ, ಇಸ್ತ್ರಿ ಮಾಡಿದ ಮೇಲೆ ಅದೇ ಜಾಗಕ್ಕೆ ಚುಚ್ಚುತ್ತಾಳೆ. ಆ ಪಿನ್ನಿನ ಬಗ್ಗೆ ಅವರ ನಡುವೆ ಇವತ್ತಿನವರೆಗೆ ಒಂದು ಮಾತೂ ಆಗಿಲ್ಲ.

ಮಧ್ಯಾಹ್ನ ಬ್ಯಾಂಕಿನವರ ಪ್ಯಾಂಟು ಮುಗಿಸಿ, ಅಂಗಡಿಯಮ್ಮ ಬೀದಿಯ ಕಡೆ ನೋಡುತ್ತ ಚಹಾ ಕುಡಿಯುತ್ತಿದ್ದಾಗ ಅವಳು ಬಿಳಿ ಅಂಗಿಯನ್ನು ಹೊರಗೆ ತೆಗೆದಳು. ಕುತ್ತಿಗೆಗೆ ಗೌನಿನ ಅಂಚಿನ ಕಸೂತಿಯಿಂದಲೇ ಬಿಡಿಸಿಕೊಂಡ ಒಂದು ಎಸಳನ್ನು ಕೂರಿಸಿದ್ದಳು. ಕೆಳಗಿನ ಮಡಿಕೆ ಅರ್ಧ ಉಳಿದಿತ್ತು, ಕೈ ಹೊಲಿಗೆ. ನಾಲ್ಕು ಹೊಲಿಗೆ ಹಾಕಿರಬೇಕು, ಭುಜದ ಹಿಂದೆ ಚಹಾದ ವಾಸನೆ ಬಂತು.

"ಅಯ್ಯೋ, ಎಷ್ಟು ಚಿಕ್ಕದು. ಗೊಂಬೆಗಾ?"

ಹೌದು, ಎಂದಳು ಅವಳು. ಪಕ್ಕದ ಮನೆಯ ಹುಡುಗಿಯ ಗೊಂಬೆಗೆ, ಎಂದೂ ಸೇರಿಸಿದಳು, ಯಾರೂ ಕೇಳಿರಲಿಲ್ಲ. ಮಾತು ಬಾಯಿಂದ ಹೊರಬಿದ್ದ ಮೇಲೆ ಗೋಡೆಯ ಗುಳ್ಳೆಯನ್ನೇ ನೋಡುತ್ತ ಕೂತಳು. ಯಾವುದೋ ಹೊಟ್ಟೆಯಲ್ಲಿ ಈ ಹೊತ್ತು ಕಾಲು ಆಡಿಸುತ್ತಿರುವ ಒಂದು ಜೀವವನ್ನು ಅವಳು ಗೊಂಬೆ ಮಾಡಿದ್ದಳು. ಅಂಗಡಿಯಮ್ಮ ಅಂಗಿಯ ಒಳಗಿನ ಲೈನಿಂಗ್ ಬಟ್ಟೆಯನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿ ತಮ್ಮ ಮಿಷನ್ನಿಗೆ ಹೋದರು.

ಡ್ರಾಯರು ಮತ್ತೆ ಗುಂಯ್ ಎಂದಿತು, ಈ ಸಲ ಬಿಡದೆ. ಪ್ರಾರ್ಥನೆಯ ಹೊತ್ತು. ಅವಳು ಫೋನು ಹಿಡಿದು, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪರದೆಯ ಮೂಲೆಗೆ ಹೋದಳು. ಒಬ್ಬರು ನಿಂತರೆ ಮೊಣಕೈ ಎರಡು ಕಡೆಯೂ ತಾಗುವಷ್ಟು ಜಾಗ. ಎದುರಿಗೆ ಉದ್ದನೆಯ ಕನ್ನಡಿ, ಅದರಲ್ಲಿ ಕುತ್ತಿಗೆಗೆ ಟೇಪು ಹಾಕಿಕೊಂಡ ಒಬ್ಬ ಹೆಂಗಸು. ಎಡಗೈಯಲ್ಲಿ ಬಿಳಿ ಅಂಗಿ ಇದ್ದದ್ದು ಕನ್ನಡಿಯಲ್ಲಿ ಕಂಡಾಗಲೇ ಅವಳಿಗೆ ಗೊತ್ತಾದದ್ದು. ಸೂಜಿ ಅದರಿಂದ ಇಳಿಬಿದ್ದು ತೂಗುತ್ತಿತ್ತು. ಫೋನಿನೊಳಗೆ ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದರು. ಸ್ತೋತ್ರ, ಸ್ತೋತ್ರ ಎಂಬ ದನಿಗಳು, ಎಲ್ಲೋ ಕುಕ್ಕರು, ಎಲ್ಲೋ ಹಾರ್ನು, ಯಾರದೋ ಎರಡನೆಯ ಮಗುವಿನ ಅಳು ಮತ್ತು ಅದನ್ನು ಅವಸರದಲ್ಲಿ ಅದುಮಿದ ಸದ್ದು. ಈ ಗುಂಪಿನಲ್ಲಿ ಮಗು ಅಳುವುದು ಕೇಳಬಾರದೆಂಬ ಸೂಕ್ಷ್ಮ ಎಲ್ಲರಿಗೂ ಇತ್ತು. ಹೆಸರುಗಳ ಸಾಲಿನ ಕೊನೆಗೆ ಹಳದಿ ಕೊಡೆ ಮೂಡಿತು. ಅದರಿಂದ ದನಿ ಬರಲಿಲ್ಲ.

ದೊಡ್ಡಕ್ಕ ಎಲ್ಲರನ್ನೂ ಸ್ವಾಗತಿಸಿ, ಇವತ್ತು ನಾವು ಕೇಳುವುದಿಲ್ಲ, ಪಡೆದುಕೊಂಡೆವು ಎಂದೇ ಹೇಳುತ್ತೇವೆ, ಎಂದರು. ಶುರು ಮಾಡಮ್ಮ, ಎಂದರು. ಅವಳು ಕಣ್ಣು ಮುಚ್ಚಿದಳು. ಮಾತುಗಳು ಅಭ್ಯಾಸದ ಬಲದಿಂದ ಬಂದವು, ಪರಿಶುದ್ಧನಾದ ತಂದೆಯೇ, ಜೀವದ ಒಡೆಯನೇ, ಹೊಸದಾಗಿ ಎಣ್ಣೆ ಹಾಕಿದ ಮಿಷನ್ನಿನ ಹಾಗೆ ಸರಾಗ. ಇನ್ನು ಮುಂದಿನ ಸಾಲು ಏನೆಂದು ಎಲ್ಲರಿಗೂ ಗೊತ್ತಿತ್ತು: ಈ ಮಗು ಅಂಗಳದಲ್ಲಿ ಓಡುತ್ತದೆ, ಇದರ ನಗು ನಾವು ಕೇಳುತ್ತೇವೆ. ಬಾಯಿ ತೆರೆದಳು. ಮುಚ್ಚಿದ ಕಣ್ಣಿನೊಳಗೆ ಬಟ್ಟೆ ಅಂಗಡಿಯವನು ಮೀಟರು ಕೋಲು ಹಿಡಿದು ನಿಂತಿದ್ದ, ಎಷ್ಟು ವಯಸ್ಸು ಮೇಡಂ. ಎಷ್ಟೊಂದು ಹೆಂಗಸರ ಉಸಿರು ಅವಳ ಕಿವಿಯಲ್ಲಿ ಕಾಯುತ್ತಿತ್ತು. ಬೆರಳುಗಳು ಬಿಳಿ ಅಂಗಿಯೊಳಗೆ ಹೋಗಿದ್ದವು. ಕೊನೆಗೆ ಬಂದದ್ದು ಇಷ್ಟೆ:

"ಕರ್ತನೇ, ಆ ಮಗುವಿಗೆ ಚಳಿಯಾಗದೆ ಇರಲಿ."

ಆಮೆನ್ ಯಾರಿಂದಲೂ ಬರಲಿಲ್ಲ. ಅಂಗಡಿಯಮ್ಮನ ಮಿಷನ್ನು ಪರದೆಯ ಆಚೆ ಗಡಗಡ ಓಡಿ ನಿಂತಿತು. ದೊಡ್ಡಕ್ಕ ಗಂಟಲು ಸರಿಮಾಡಿಕೊಂಡು, ಹೌದು, ನೆಗಡಿ ಜ್ವರ ಏನೂ ಬಾರದೆ ಚೆನ್ನಾಗಿ ಬೆಳೆಯಲಿ ಎಂದು ಸಹೋದರಿ ಕೇಳಿಕೊಂಡಿದ್ದಾಳೆ, ಎಂದು ಆ ಸಾಲನ್ನು ಎತ್ತಿಕೊಂಡು ದಾರಿಗೆ ತಂದರು. ಎಲ್ಲರೂ ಎದೆ ಹಗುರವಾಗಿ ಆಮೆನ್ ಎಂದರು. ಸರಪಳಿ ಒಬ್ಬರಿಂದೊಬ್ಬರಿಗೆ ಸಾಗಿತು, ಓಡುತ್ತದೆ, ನಗುತ್ತದೆ, ಶಾಲೆಗೆ ಹೋಗುತ್ತದೆ. ಒಬ್ಬಳು ಆ ಮಗುವಿಗೆ ಮದುವೆಯನ್ನೇ ಮಾಡಿಸಿದಳು. ಎಲ್ಲ ಮುಗಿದು, ಹೋಗುವ ಮೊದಲಿನ ಕುಶಲದ ಮಾತಿನಲ್ಲಿ ದೊಡ್ಡಕ್ಕ ನಗುತ್ತ ಕೇಳಿದರು.

"ನಿನ್ನ ಕಡೆಯಿಂದ ಮಿಷನ್ ಸದ್ದು ಕೇಳ್ತಿತ್ತಲ್ಲಮ್ಮ. ಏನು ಹೊಲೀತಿದ್ದೀಯ?"

ಪ್ಯಾಂಟು ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಆಗ ಹೇಳಿದ ಗೊಂಬೆ ಇನ್ನೂ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಅದರ ಮೇಲೆ ಇನ್ನೊಂದು ಇಳಿಯುವಂತಿರಲಿಲ್ಲ.

"ಮಗುವಿಗೆ ಅಂಗಿ," ಎಂದಳು.

ಆಮೇಲೆ ಫೋನು ತುಂಬ ದನಿಗಳು ಒಟ್ಟಿಗೆ ಎದ್ದವು. ನೋಡಿ ನೋಡಿ, ಇದು ವಿಶ್ವಾಸ ಅಂದ್ರೆ, ಎಂದಳೊಬ್ಬಳು. ಅಕ್ಕ ಮೊದಲೇ ಬಟ್ಟೆ ಹೊಲಿದಿಟ್ಟಿದ್ದಾಳೆ. ಒಂದು ವರ್ಷದ್ದಾ, ಎರಡು ವರ್ಷದ್ದಾ? ಯಾವ ಬಣ್ಣ? ಫೋಟೋ ಹಾಕಿ ಅಕ್ಕ. ಯಾರೋ ಅಳುತ್ತಿದ್ದರು, ಸಂತೋಷಕ್ಕೆ. ದೊಡ್ಡಕ್ಕ, ಸ್ವಲ್ಪ ದೊಡ್ಡದಾಗೇ ಹೊಲಿಯಮ್ಮ, ಕರ್ತನು ಕೊಡುವಾಗ ಅಳತೆ ನೋಡಿ ಕೊಡಲ್ಲ, ಎಂದರು. ಅವಳು ಕನ್ನಡಿಗೆ ಹಣೆ ಹಚ್ಚಿದಳು. ಅವಳ ಉಸಿರಿಗೆ ಕನ್ನಡಿಯ ಹೆಂಗಸಿನ ಬಾಯಿ ಮಂಜಾಗಿ ಅಳಿಸಿಹೋಯಿತು. ಇಲ್ಲ ಎಂದರೆ ಹಳದಿ ಕೊಡೆ ಸಿಕ್ಕಿಬೀಳುತ್ತಾಳೆ. ನಾಡಿದ್ದು ಮಗು ಹೋದ ಮೇಲೆ, ಎರಡು ವಾರ ಬಿಟ್ಟು, ಯಾರೋ ಒಳ್ಳೆಯವರು ಅವಳ ಕೈ ಹಿಡಿದು ಮೆಲ್ಲನೆ ಕೇಳುತ್ತಾರೆ. ಅವಳು ಸುಮ್ಮನಿದ್ದಳು. ಸುಮ್ಮನಿದ್ದದ್ದನ್ನು ಅವರು ನಮ್ರತೆ ಎಂದುಕೊಂಡರು. ಒಬ್ಬೊಬ್ಬರಾಗಿ ಸ್ತೋತ್ರ ಹೇಳಿ ಹೋದರು. ಹಳದಿ ಕೊಡೆ ಎಲ್ಲರಿಗಿಂತ ಮೊದಲೇ ಆರಿಹೋಗಿತ್ತು.

ಪರದೆ ಸರಿಸಿ ಬಂದು ಕೂತಳು. ಬಿಸಿಲು ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬಂದಿತ್ತು, ಕೊರಿಯರಿನವನು ಬರುವ ಹೊತ್ತು ಹತ್ತಿರವಾಗಿತ್ತು. ಅರ್ಧ ಮಡಿಕೆ ಹಾಗೇ ಇತ್ತು. ಒಳಗಿನ ಬಟ್ಟೆಯೂ ಹಾಗೇ ಇತ್ತು, ಮೂರು ಬೆರಳು, ಬಿಚ್ಚಿದರೆ ಬೆಳೆಯಬಹುದಾದಷ್ಟು. ಬಿಟ್ಟರೇನಂತೆ ಎನ್ನಿಸಿತು. ಯಾರಿಗೆ ಕಾಣುತ್ತದೆ, ಒಳಗಡೆಯದು. ಹೊರಗೆ ಡಾಕ್ಟರು ಹೇಳಿದ ಅಳತೆ, ಒಳಗೆ ದೊಡ್ಡಕ್ಕ ಹೇಳಿದ್ದು. ಒಂದು ವೇಳೆ ಆ ಮಗು ಉಸಿರಾಡಿದರೆ? ಒಂದು ವೇಳೆ ತಾನು ಕತ್ತರಿಸಿದ ಕಾರಣಕ್ಕೇ ಉಸಿರಾಡದಿದ್ದರೆ? ಕತ್ತರಿ ಮಿಷನ್ನಿನ ಮೇಲಿತ್ತು. ಅದು ಬಹಳ ದೂರದಲ್ಲಿರುವಂತೆ ಕಂಡಿತು. ಅಷ್ಟರಲ್ಲಿ ಫೋನು ಒಂದೇ ಸಲ, ಸಣ್ಣಗೆ ಸದ್ದು ಮಾಡಿತು.

ಹಳದಿ ಕೊಡೆ ಬರೆದಿದ್ದಳು: ಅಕ್ಕ, ನೀವು ಅಳತೆ ಬದಲಾಯಿಸಿಲ್ಲ ಅಲ್ವಾ?

ಅದರ ಕೆಳಗೆ ಇನ್ನೊಂದು ಸಾಲು, ಬರೆಯುತ್ತ ಅಳಿಸುತ್ತ ಬಹಳ ಹೊತ್ತು ತೆಗೆದುಕೊಂಡು ಬಂತು: ನಾನು ಅವನನ್ನ ಸರಿಯಾಗಿ ನೋಡಬೇಕು.

ಅವನು. ಸ್ಕ್ಯಾನಿನವರು ಗಂಡೋ ಹೆಣ್ಣೋ ಹೇಳುವುದಿಲ್ಲ, ತಾಯಿ ತಾನೇ ಹಾಗೆ ಕರೆದುಕೊಂಡಿದ್ದಳು; ಅವಳಿಗೆ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಪ್ರಾರ್ಥನೆಯಲ್ಲಿ ಮದುವೆಯಾದ ಮಗು ಗಂಡೋ ಹೆಣ್ಣೋ ಎಂದು ಯಾರೂ ಕೇಳಿರಲಿಲ್ಲ. ಕೂದಲಿತ್ತಾ ಎಂದು ಕೇಳುವವರು ಆಮೇಲೆ, ಮುಗಿದ ಮೇಲೆ ಕೇಳುವವರು. ಅವಳ ಕಣ್ಣೆದುರು ಮಗಳು ಗುಲಾಬಿ ಬಟ್ಟೆಯ ಮಡಿಕೆಗಳ ತಳದಲ್ಲಿ ಮಲಗಿದ್ದಳು. ಎಷ್ಟು ಬಗ್ಗಿ ನೋಡಿದರೂ ಬಟ್ಟೆಯೇ. ಕೈ ಕಂಡಿರಲಿಲ್ಲ, ಕಾಲು ಕಂಡಿರಲಿಲ್ಲ. ಅವಳು ನೋಡಿದ್ದು ಒಂದು ಮುಖವನ್ನು ಮತ್ತು ತಾನೇ ಹೊಲಿದ ಒಂದು ವರ್ಷವನ್ನು. ಬೆಳೀತಾಳೆ, ಸರಿಹೋಗುತ್ತೆ. ಅಲ್ಲಿಯೂ ಮಗಳ ಹಿಂದೆ ಹಿಂದೆ ಸೂಜಿ ಹಿಡಿದು ತಾನು ನಡೆಯುತ್ತಿರುವಂತೆ, ಮಗಳು ತಿರುಗಿ ನೋಡದಂತೆ, ದಾರ ಮಾತ್ರ ಉದ್ದವಾಗುತ್ತಿರುವಂತೆ.

ಬದಲಾಯಿಸಿಲ್ಲ ತಂಗಿ, ಎಂದು ಬರೆದಳು. ಅದು ಇನ್ನೂ ನಿಜವಾಗಿರಲಿಲ್ಲ. ಫೋನನ್ನು ಡ್ರಾಯರಿಗೆ ಹಾಕಿ, ನಿಜ ಮಾಡಲು ಕತ್ತರಿ ತೆಗೆದುಕೊಂಡಳು.

ಅಂಗಿಯನ್ನು ಒಳಮಗ್ಗುಲು ಮಾಡಿದಳು. ಪಕ್ಕದ ಹೊಲಿಗೆಯ ಗುಂಟ, ಹೊಲಿಗೆಗೆ ತಾಗದಂತೆ ಒಂದು ಅಕ್ಕಿಕಾಳಿನ ಅಗಲ ಬಿಟ್ಟು ಕತ್ತರಿ ಓಡಿಸಿದಳು. ಬಿಳಿ ಪಟ್ಟಿ ಸುರುಳಿಯಾಗಿ ನೆಲಕ್ಕೆ ಬಿತ್ತು, ಪ್ಯಾಂಟುಗಳ ಕಪ್ಪು, ನೀಲಿ, ಬೂದು ತುಂಡುಗಳ ಮೇಲೆ. ಎರಡನೆಯ ಪಕ್ಕ. ಭುಜಗಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಬಟ್ಟೆಯ ಕಚ್ಚಾ ಅಂಚು ಆ ಚರ್ಮಕ್ಕೆ ಒರಟಾಗದಂತೆ ಲೈನಿಂಗನ್ನು ಅದರ ಮೇಲೆ ಮಡಿಸಿ ಕೂರಿಸಿದಳು. ಹೊರಮಗ್ಗುಲಿಗೆ ತಿರುವಿ ಎಡಗೈಯನ್ನು ಒಳಗೆ ತೂರಿಸಿದಳು, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ; ಅಷ್ಟೇ ಇತ್ತು ಅದು. ಸೆಟೆದು ನಿಲ್ಲುತ್ತಿದ್ದ ಬಟ್ಟೆ ಈಗ ಅಂಗೈ ಇದ್ದ ಹಾಗೆ ಇಳಿಯಿತು, ಬೆರಳು ಮಡಿಸಿದರೆ ಮಡಿಯಿತು, ಬಿಡಿಸಿದರೆ ಬಿಡಿಸಿಕೊಂಡಿತು. ಅವಳು ಬೆರಳುಗಳನ್ನು ಒಂದು ಸಲ ಮೆಲ್ಲನೆ ಆಡಿಸಿದಳು.

ಎದುರಿಗೆ ಬೆಳಕು ಹೆಚ್ಚಾಯಿತು. ಅಂಗಡಿಯಮ್ಮ ತಮ್ಮ ಮಿಷನ್ನಿನ ದೀಪವನ್ನು ಉದ್ದ ವೈರಿನ ಸಮೇತ ಎಳೆದು ತಂದು ಅವಳ ಭುಜದ ಮೇಲಿನಿಂದ ಹಿಡಿದಿದ್ದರು.

"ಗೊಂಬೆ ಅಂಗಿಗೆ ಯಾರೂ ಲೈನಿಂಗ್ ಹಾಕಲ್ಲ ಕಣೇ," ಎಂದರು. ದೀಪವನ್ನು ಇನ್ನಷ್ಟು ಬಗ್ಗಿಸಿ, "ಯಾವಾಗ?" ಎಂದರು.

ನಾಡಿದ್ದು, ಎಂದಳು ಅವಳು.

ಕೊರಿಯರಿನವನ ಗಾಡಿ ಹೊರಗೆ ಬಂದು ನಿಂತಿತು. ಅವನು ಇಳಿಯದೆಯೇ, ಇದೆಯಾ ಅಮ್ಮ, ಹೊರಡಲಾ ಎಂದು ಕೂಗಿದ. "ಎಲ್ಲಿಗೆ ಹೊರಡ್ತೀಯೋ, ನಿನ್ನ ಮಾವನ ಮನೆಗಾ? ನಿಂತ್ಕೋ ಅಂದ್ರೆ ನಿಂತ್ಕೋ" ಎಂದು ಅಂಗಡಿಯಮ್ಮ ದೀಪ ಅಲುಗದ ಹಾಗೆ ಬರೀ ಕತ್ತು ತಿರುಗಿಸಿ ಗದರಿದರು. ಡ್ರಾಯರಿನಲ್ಲಿ ಗುಂಪು ಮತ್ತೆ ಗುಂಯ್‌ಗುಟ್ಟುತ್ತಿತ್ತು, ಫೋಟೋ, ಫೋಟೋ. ಅವಳು ಉಳಿದ ಅರ್ಧ ಮಡಿಕೆಗೆ ಕೈ ಹಾಕಿದಳು. ಹೊರಗೆ ಕಾಣದಂಥ ಹೊಲಿಗೆ, ಮೇಲಿನ ಬಟ್ಟೆಯ ಒಂದು ಎಳೆ, ಕೆಳಗಿನದರ ಒಂದು ಎಳೆ. ಅವಸರ ಮಾಡಲಿಲ್ಲ. ಗುಂಡಿಯಿಲ್ಲದ ಬೆನ್ನಿಗೆ ಎರಡು ರಿಬ್ಬನ್ನುಗಳನ್ನು ಕೂರಿಸಿದಳು. ಕೊನೆಯ ಹೊಲಿಗೆಯನ್ನು ಅದೇ ಜಾಗದಲ್ಲಿ ಎರಡು ಸಲ ಹಾಕಿ, ಕುಣಿಕೆಯೊಳಗೆ ಸೂಜಿ ದಾಟಿಸಿ ಗಂಟು ಬಿಗಿದಳು.

ಅಂಗಿ ಮಡಿಲಲ್ಲಿತ್ತು, ಸೂಜಿ ಅವಳ ಬೆರಳಲ್ಲಿತ್ತು, ನಡುವೆ ಒಂದು ಗೇಣು ದಾರ ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಆಮೇಲೆ, ಎಂದು ಯಾರೋ ಕೇಳಿದಂತಾಯಿತು. ಅಂಗಡಿಯಮ್ಮ ಕತ್ತರಿಯನ್ನು ಮುಂದೆ ಚಾಚಿದರು. ಅವಳು ಅದನ್ನು ತೆಗೆದುಕೊಳ್ಳದೆ, ಅಂಗಿಯನ್ನು ಎರಡು ಕೈಯಲ್ಲಿ ಎತ್ತಿ, ಮಲಗಿದ ಮಗುವಿನ ಹಣೆಗೆ ಬಾಗುವವರು ಬಾಗುವ ಹಾಗೆ ಬಾಗಿ, ದಾರ ಕಡಿದಳು.